ತಾರಸಿ ತಪಾಸಣೆಗೆ ಎಂಜಿನಿಯರ್ ಬಂದಾಗ: ಮನೆಯವರು ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಬೇಕು

ಮಹಡಿಯ ಕೋಣೆಯ ಸೀಲಿಂಗ್‌ನಲ್ಲಿ ಕಂದು ಬಣ್ಣದ ಕಲೆಯೊಂದು ಕಾಣಿಸಿಕೊಂಡ ಕೂಡಲೇ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಪರಿಚಯದ ಮೇಸ್ತ್ರಿಗೆ ಫೋನು ಹೋಗುತ್ತದೆ. ಅವರು ಬಂದು ತಾರಸಿಯ ಮೇಲೆ ಎರಡು ಸುತ್ತು ಹಾಕಿ, ಕಲೆಯ ನೇರ ಮೇಲೆ ಕಾಣುವ ಬಿರುಕಿಗೆ ಸಿಮೆಂಟು ಹಾಲು ಸುರಿದು, ಅದರ ಮೇಲೆ ಬಿಳಿಯ ಕೆಮಿಕಲ್ ಹೊಡೆದು ಹೋಗುತ್ತಾರೆ. ಮುಂದಿನ ಮಳೆಗಾಲದಲ್ಲಿ ಅದೇ ಕಲೆ ಎರಡಡಿ ಪಕ್ಕದಲ್ಲಿ ಮತ್ತೆ ಮೂಡುತ್ತದೆ. ಇದರಲ್ಲಿ ಮೇಸ್ತ್ರಿಯ ತಪ್ಪೇನೂ ಇಲ್ಲ. ನಾವು ಅವರಿಗೆ ಹೇಳಿದ್ದು ರಿಪೇರಿ ಮಾಡಲು, ಕಾರಣ ಹುಡುಕಲು ಅಲ್ಲ. ಕಾಂಕ್ರೀಟಿನಲ್ಲಾಗಲಿ ಹೆಂಚಿನ ಮಾಡಿನಲ್ಲಾಗಲಿ ನೀರು ಒಳಹೊಕ್ಕ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಈ ಎರಡರ ನಡುವಿನ ದಾರಿಯನ್ನು ಪತ್ತೆಮಾಡುವುದೇ ವೃತ್ತಿಪರ ತಪಾಸಣೆಯ ಕೆಲಸ. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಮನೆಯವರ ಪಾಲೇನು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಯಾರನ್ನು ಕರೆಯಬೇಕು, ಯಾವಾಗ ಕರೆಯಬೇಕು

ಈ ಕೆಲಸಕ್ಕೆಂದು ನಮ್ಮ ಮನೆಗಳಿಗೆ ಬರುವವರು ಹೆಚ್ಚಾಗಿ ಮೂರು ಬಗೆಯವರು: ಅನುಭವಿ ಮೇಸ್ತ್ರಿಗಳು, ವಾಟರ್‌ಪ್ರೂಫಿಂಗ್ ಮಾಡುವ ಗುತ್ತಿಗೆದಾರರು ಹಾಗೂ ಸಿವಿಲ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರುಗಳು. ಗುತ್ತಿಗೆದಾರರು ತಪಾಸಣೆಯನ್ನು ಉಚಿತವಾಗಿ ಮಾಡಿಕೊಡುವುದುಂಟು. ಆದರೆ ಆ ಉಚಿತ ಭೇಟಿಯ ಕೊನೆಗೆ ಚದರಡಿ ಲೆಕ್ಕದ ಒಂದು ಅಂದಾಜು ಪಟ್ಟಿ ಬಂದೇ ಬರುತ್ತದೆ, ಮತ್ತು ಆ ಪಟ್ಟಿಯಲ್ಲಿ ಇಡೀ ತಾರಸಿಗೆ ಲೇಪನ ಬೇಕೆಂದೇ ಇರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಔಷಧಿ ಮಾರುವವರೇ ರೋಗ ಪತ್ತೆಹಚ್ಚಿದಾಗ ಏನಾಗುತ್ತದೆಯೋ ಇಲ್ಲೂ ಅದೇ ಆಗುತ್ತದೆ. ಆದ್ದರಿಂದ ರಿಪೇರಿಯ ಗುತ್ತಿಗೆಯಲ್ಲಿ ಪಾಲಿಲ್ಲದ ಎಂಜಿನಿಯರಿಗೆ ಶುಲ್ಕ ಕೊಟ್ಟು ತಪಾಸಣೆ ಮಾಡಿಸಿ, ಅವರ ವರದಿಯನ್ನು ಮುಂದಿಟ್ಟುಕೊಂಡು ಗುತ್ತಿಗೆದಾರರಿಂದ ದರ ಕೇಳುವುದೇ ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಲಿಂಗ್‌ನಿಂದ ಕಾಂಕ್ರೀಟಿನ ಚೂರುಗಳು ಉದುರಿದ್ದರೆ, ಕಬ್ಬಿಣ ಕಾಣುತ್ತಿದ್ದರೆ, ಸ್ಲ್ಯಾಬು ಜಗ್ಗಿದಂತೆ ತೋರಿದರೆ ಬೇರೆ ಯೋಚನೆಯೇ ಬೇಡ, ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಯಿರಿ.

ಕಾಲದ ಆಯ್ಕೆ ಊರನ್ನು ಅವಲಂಬಿಸಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್ ಮೊದಲ ವಾರಗಳಲ್ಲಿ ಮುಂಗಾರು ಹಿಡಿದುಕೊಂಡರೆ ಮಾಡಿನ ಮೇಲೆ ಹತ್ತುವುದೇ ಅಪಾಯ. ಅಲ್ಲಿ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ತಪಾಸಣೆ ಮುಗಿದು, ಮೇ ತಿಂಗಳೊಳಗೆ ದುರಸ್ತಿಯೂ ಮುಗಿದಿರಬೇಕು. ಬೆಂಗಳೂರು, ಮೈಸೂರಿನ ಕಡೆ ಏಪ್ರಿಲ್‌–ಮೇ ತಿಂಗಳ ಗುಡುಗು ಮಳೆ ಒಂದೆರಡು ಬಿದ್ದ ಮರುದಿನ ಕರೆಸುವುದು ಹೆಚ್ಚು ಉಪಯುಕ್ತ. ಏಕೆಂದರೆ ನೀರು ಎಲ್ಲಿ ನಿಂತಿತ್ತು, ಯಾವ ಗೋಡೆ ಒದ್ದೆಯಾಯಿತು ಎಂಬ ಗುರುತುಗಳು ಆಗ ಹಸಿಯಾಗಿಯೇ ಇರುತ್ತವೆ, ಮತ್ತು ಆ ಭಾಗದಲ್ಲಿ ದೊಡ್ಡ ಮಳೆ ಸುರಿಯುವ ಸೆಪ್ಟೆಂಬರ್–ಅಕ್ಟೋಬರ್‌ಗೆ ಇನ್ನೂ ಸಮಯವಿರುತ್ತದೆ.

ಅವರು ಬರುವ ಮುನ್ನ

ಮನೆಯವರು ಕೊಡುವ ಮಾಹಿತಿಯೇ ತಪಾಸಣೆಯ ಅರ್ಧ ಭಾಗ. ಕಲೆ ಮೊದಲು ಕಂಡದ್ದು ಯಾವಾಗ, ಮಳೆ ಬಂದ ಎಷ್ಟು ಹೊತ್ತಿಗೆ ಹನಿ ಬೀಳುತ್ತದೆ, ಮಳೆ ನಿಂತ ಮೇಲೂ ಎಷ್ಟು ದಿನ ಒದ್ದೆ ಇರುತ್ತದೆ, ಬೇಸಿಗೆಯಲ್ಲೂ ಇರುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಬೇಸಿಗೆಯಲ್ಲೂ ಆರದ ಕಲೆಗೆ ಮಳೆ ಕಾರಣವಲ್ಲ. ಓವರ್‌ಹೆಡ್ ಟ್ಯಾಂಕು, ಸೋಲಾರ್ ಹೀಟರಿನ ಪೈಪು ಅಥವಾ ಮೇಲಂತಸ್ತಿನ ಬಚ್ಚಲು ಕಾರಣವಾಗಿರುವುದೇ ಹೆಚ್ಚು. ಇದನ್ನು ನೀವೇ ಪರೀಕ್ಷಿಸಬಹುದು: ರಾತ್ರಿ ಎಲ್ಲ ನಲ್ಲಿಗಳನ್ನೂ ಮೋಟಾರನ್ನೂ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಎಂಜಿನಿಯರಿಗಿಂತ ಮೊದಲು ಪ್ಲಂಬರ್ ಬರಬೇಕಾಗುತ್ತದೆ.

ಕಟ್ಟಡದ ನಕ್ಷೆ, ಮೋಲ್ಡ್ ಹಾಕಿದ ವರ್ಷ, ಆಮೇಲೆ ಮಾಡಿಸಿದ ರಿಪೇರಿಗಳ ವಿವರ, ಹಿಂದೆ ಹೊಡೆಸಿದ ಲೇಪನದ ಹೆಸರು ಇದ್ದರೆ ತೆಗೆದಿಡಿ. ತಾರಸಿಯ ಮೇಲೆ ಒಣಹಾಕಿದ ಅಡಿಕೆ, ಹೂಕುಂಡಗಳು, ಹಳೆಯ ಮರಮುಟ್ಟು ಎಲ್ಲವನ್ನೂ ಸರಿಸಿ ನೆಲ ಕಾಣುವಂತೆ ಮಾಡಿ. ಆದರೆ ಗುಡಿಸಿ ತೊಳೆಯಬೇಡಿ, ಸೀಲಿಂಗ್‌ಗೆ ಸುಣ್ಣಬಣ್ಣವನ್ನಂತೂ ಹೊಡೆಸಲೇಬೇಡಿ. ಅತಿಥಿ ಬರುವರೆಂದು ಮನೆ ಚೊಕ್ಕ ಮಾಡುವ ನಮ್ಮ ಅಭ್ಯಾಸ ಇಲ್ಲಿ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ. ತಾರಸಿಯ ಮೂಲೆಯಲ್ಲಿ ಕೂತ ಮಣ್ಣಿನ ತೆಳು ಪದರವೇ ನೀರು ಎಷ್ಟು ಹರವಿನಲ್ಲಿ ನಿಲ್ಲುತ್ತದೆ ಎಂಬುದರ ನಕ್ಷೆ.

ತಪಾಸಣೆ ಒಳಗಿನಿಂದ ಆರಂಭವಾಗುತ್ತದೆ

ಬಂದವರು ನೇರವಾಗಿ ತಾರಸಿಗೆ ಹತ್ತಿದರೆ ಸ್ವಲ್ಪ ಅನುಮಾನಪಡಿ. ಪಳಗಿದವರು ಮೊದಲು ಮೇಲಂತಸ್ತಿನ ಪ್ರತಿಯೊಂದು ಕೋಣೆಯ ಸೀಲಿಂಗ್ ನೋಡಿ, ಕಲೆ ಮತ್ತು ಬಿರುಕುಗಳನ್ನು ಒಂದು ಚಿತ್ರದಲ್ಲಿ ಗುರುತಿಸಿಕೊಂಡು, ಆಮೇಲೆ ಆ ಚಿತ್ರವನ್ನು ಹಿಡಿದೇ ಮೇಲೆ ಹೋಗುತ್ತಾರೆ. ಒಳಗೆ ಅವರು ಓದುವ ಗುರುತುಗಳು ಹಲವು. ಅಂಚಿನಲ್ಲಿ ಗಾಢವಾದ ಉಂಗುರಗಳಿರುವ ಕಲೆ, ನೀರು ಬಂದು ಆರಿ ಮತ್ತೆ ಬಂದದ್ದನ್ನು ಹೇಳುತ್ತದೆ. ಬಿರುಕಿನ ಉದ್ದಕ್ಕೂ ಬಿಳಿಯ ಉಪ್ಪು ಹೂವಿನಂತೆ ಎದ್ದಿದ್ದರೆ ಆ ಬಿರುಕು ಸ್ಲ್ಯಾಬಿನ ಆಚೆ ಬದಿಯವರೆಗೂ ಹೋಗಿದೆ ಎಂದು ತಿಳಿಯಬೇಕು. ಒಂದಕ್ಕೊಂದು ಸಮನಾಂತರವಾಗಿ, ಅರ್ಧ ಅಡಿಯ ಅಂತರದಲ್ಲಿ ಸಾಗುವ ನೇರ ಬಿರುಕುಗಳು ಎಲ್ಲಕ್ಕಿಂತ ಗಂಭೀರ, ಏಕೆಂದರೆ ಅವು ಒಳಗಿನ ಕಬ್ಬಿಣದ ಸಲಾಕೆಗಳ ನಕಲು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸಲಾಕೆಯ ಗುಂಟ ಸೀಳುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಅತಿ ಹೆಚ್ಚು ಆತಂಕ ಹುಟ್ಟಿಸುವ, ಆದರೆ ಸಾಮಾನ್ಯವಾಗಿ ಅಷ್ಟೇನೂ ಅಪಾಯಕಾರಿಯಲ್ಲದ ಒಂದು ಬಿರುಕನ್ನು ಇಲ್ಲಿ ಹೇಳಬೇಕು. ಮೇಲಂತಸ್ತಿನಲ್ಲಿ, ಗೋಡೆ ಮುಗಿದು ಸ್ಲ್ಯಾಬು ಶುರುವಾಗುವ ಸಂದಿನಲ್ಲಿ, ಅಡ್ಡಡ್ಡಲಾಗಿ ಗೆರೆ ಎಳೆದಂತೆ ಸಾಗುವ ಬಿರುಕು ಅದು. ಹತ್ತು ಮೀಟರ್ ಉದ್ದದ ಕಾಂಕ್ರೀಟು ಸ್ಲ್ಯಾಬು 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಪ್ರತಿದಿನ ನಡೆಯುವ ಈ ಎಳೆದಾಟದ ಫಲವೇ ಆ ಗೆರೆ. ಆದರೆ ಹೊರಗೋಡೆಯಲ್ಲಿ ಅದೇ ಗೆರೆಯಿದ್ದು ಮೇಲೆ ಸಜ್ಜಾ ಇಲ್ಲದಿದ್ದರೆ ಮಳೆನೀರು ಅಲ್ಲಿಂದಲೇ ಒಳಬರುತ್ತದೆ. ತಾರಸಿಗೆ ಎಷ್ಟು ಕೆಮಿಕಲ್ ಹೊಡೆದರೂ ಆ ಸೋರಿಕೆ ನಿಲ್ಲುವುದಿಲ್ಲ. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನಿಯರು ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಬಹುದು, ಅಥವಾ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಬಹುದು. ಗಾಜು ಒಡೆದರೆ ಬಿರುಕು ಜೀವಂತವಾಗಿದೆ ಎಂದರ್ಥ.

ಜಗ್ಗಿದ ಸ್ಲ್ಯಾಬನ್ನು ದಾರ ಕಟ್ಟಿಯೋ ಲೇಸರ್ ಮಟ್ಟದಿಂದಲೋ ಅಳೆಯುತ್ತಾರೆ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಒಟ್ಟು ಬಾಗು, ಸ್ಲ್ಯಾಬಿನ ಆಧಾರಗಳ ನಡುವಿನ ಅಂತರದ 250ನೇ ಒಂದು ಭಾಗವನ್ನು ಮೀರಬಾರದು. ನಾಲ್ಕು ಮೀಟರ್ ಅಗಲದ ಕೋಣೆಗೆ ಅದು 16 ಮಿಲಿಮೀಟರ್.

ತಾರಸಿಯ ಮೇಲೆ

ಮೇಲೆ ಮೊದಲು ನೋಡುವುದು ವಾಟ, ಅಂದರೆ ನೀರು ಹರಿಯಲು ಕೊಟ್ಟ ಇಳಿಜಾರು. ನೂರು ಅಡಿಗೆ ಒಂದಡಿಯಾದರೂ ಇಳಿಯಬೇಕು ಎಂಬುದು ರೂಢಿಯ ಲೆಕ್ಕ. ಎಂಜಿನಿಯರು ಒಂದೆರಡು ಬಕೆಟ್ ನೀರು ಸುರಿಸಿ ಅದು ಯಾವ ಕಡೆ ಓಡುತ್ತದೆ, ಎಲ್ಲಿ ಅನುಮಾನಿಸಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಆಮೇಲೆ ನೀರು ಇಳಿಯುವ ಪೈಪುಗಳ ಬಾಯಿ. ನಾಲ್ಕಿಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಗೆ ಸಾಕು ಎಂದು ಲೆಕ್ಕ ಹಿಡಿಯುತ್ತಾರೆ. ಸಾವಿರ ಚದರಡಿಯ ತಾರಸಿಗೆ ಹಾಗಾದರೆ ಎರಡರಿಂದ ಮೂರು ಪೈಪು ಬೇಕು, ಆದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ, ಅದರ ಬಾಯಲ್ಲೂ ಒಂದು ಪ್ಲಾಸ್ಟಿಕ್ ಚೀಲ. ಈ ಲೆಕ್ಕ ಅತಿಯೆನಿಸಿದರೆ 2022ರ ಸೆಪ್ಟೆಂಬರ್ 4ರ ರಾತ್ರಿಯನ್ನು ನೆನೆಯಬೇಕು. ಅಂದು ಬೆಂಗಳೂರಿನಲ್ಲಿ ಸುರಿದ ಸುಮಾರು 130 ಮಿಲಿಮೀಟರ್ ಮಳೆಯಲ್ಲಿ ಸಾವಿರ ಚದರಡಿಯ ಒಂದು ತಾರಸಿಯ ಮೇಲೆ ಬಿದ್ದ ನೀರು 12,000 ಲೀಟರ್, ಅಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರ್. ಬೆಂಗಳೂರಿನ ಜಲಮಂಡಳಿ 2009ರಲ್ಲಿ ಕಡ್ಡಾಯಗೊಳಿಸಿದ ಮಳೆನೀರು ಸಂಗ್ರಹ ವ್ಯವಸ್ಥೆ ಮನೆಯಲ್ಲಿದ್ದರೆ ಅದರ ಸೋಸುಕವನ್ನೂ ತೆಗೆದು ನೋಡಲು ಹೇಳಿ. ಕಟ್ಟಿಕೊಂಡ ಸೋಸುಕದಿಂದ ನೀರು ಪೈಪಿನಲ್ಲೇ ಮೇಲೇರಿ ತಾರಸಿಯಲ್ಲಿ ನಿಲ್ಲುತ್ತದೆ.

ಬಯಲು ತಾರಸಿಗಿಂತ ಅದರ ಅಂಚುಗಳೇ ಹೆಚ್ಚು ಸೋರುತ್ತವೆ. ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬು ಕೂಡುವ ಮೂಲೆಯಲ್ಲಿ ಗುಂಡನೆಯ ಗಾರೆ ಕೊಟ್ಟಿದ್ದಾರೆಯೇ, ಅದು ಬಿಟ್ಟುಕೊಂಡಿದೆಯೇ. ಪ್ಯಾರಾಪೆಟ್ಟಿನ ತಲೆಯ ಮೇಲಿನ ಗಾರೆ ಒಡೆದು ನೀರು ಗೋಡೆಯೊಳಗೆ ಇಳಿಯುತ್ತಿದೆಯೇ. ಟ್ಯಾಂಕಿನ ಕಾಲುಗಳು, ಸೋಲಾರ್ ಸ್ಟ್ಯಾಂಡು, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ಕಂಬಿ ಇವುಗಳಿಗೆಂದು ಸ್ಲ್ಯಾಬಿಗೆ ಬೋಲ್ಟು ಕೊರೆದ ಜಾಗಗಳು ಹೇಗಿವೆ ಎಂದು ಒಂದೊಂದನ್ನೂ ಬಗ್ಗಿ ನೋಡಬೇಕು. ನಿಂತುಕೊಂಡೇ ನೋಡಿ ಮುಗಿಸುವವರ ಶುಲ್ಕ ದಂಡ. ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಎದ್ದಿದ್ದರೆ ಅದನ್ನು ಸುಮ್ಮನೆ ಕಿತ್ತರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಗಾರೆ ಬಿಡಿಸಿ ಬೇರುಸಹಿತ ತೆಗೆಯಬೇಕೆಂದು ವರದಿಯಲ್ಲಿ ಬರೆಯಬೇಕು.

ಮರದ ಸುತ್ತಿಗೆಯಿಂದಲೋ ಕಬ್ಬಿಣದ ಸರಳಿನ ತುದಿಯಿಂದಲೋ ಅಡಿಗೊಮ್ಮೆ ತಟ್ಟುತ್ತಾ ಹೋಗುವುದು ಈ ಹಂತದ ಅತಿ ಸರಳ ಮತ್ತು ಅತಿ ವಿಶ್ವಾಸಾರ್ಹ ಪರೀಕ್ಷೆ. ಗಟ್ಟಿಯಾದ ಪದರ ಕಣಕಣ ಎನ್ನುತ್ತದೆ, ಬಿಟ್ಟುಕೊಂಡದ್ದು ಡಬಡಬ ಎನ್ನುತ್ತದೆ. ಡಬಡಬ ಎಂದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕಿ, ಒಟ್ಟು ಎಷ್ಟು ಚದರಡಿ ಎಂದು ಅಳೆಯುತ್ತಾರೆ. ರಿಪೇರಿ ತೇಪೆಯೋ ಇಡೀ ತಾರಸಿಯ ಕೆಲಸವೋ ಎಂಬುದನ್ನು ಈ ಅಳತೆಯೇ ಹೆಚ್ಚಾಗಿ ತೀರ್ಮಾನಿಸುತ್ತದೆ.

ಉಪಕರಣಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಕಣ್ಣಿಗೆ ಕಂಡದ್ದು ಸಾಲದಿದ್ದಾಗ ಮಾತ್ರ ಉಪಕರಣಗಳು ಬರಬೇಕು. ಎಲ್ಲ ಮನೆಗೂ ಎಲ್ಲ ಪರೀಕ್ಷೆ ಬೇಕಿಲ್ಲ. ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಎಷ್ಟು ಗಡಸು ಎಂದು ಹೇಳುತ್ತದೆ, ಒಳಗಿನ ಮಾತನ್ನಲ್ಲ. ಒಳಗಿನ ಟೊಳ್ಳು, ಬಿರುಕುಗಳನ್ನು ಅಲ್ಟ್ರಾಸಾನಿಕ್ ಪರೀಕ್ಷೆ ತೋರಿಸುತ್ತದೆ: ಧ್ವನಿ ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ವೇಗವಾಗಿ ಹಾದರೆ ಕಾಂಕ್ರೀಟು ಚೆನ್ನಾಗಿದೆ, 3 ಕಿಲೋಮೀಟರಿಗಿಂತ ಕೆಳಗಿಳಿದರೆ ಅನುಮಾನಕ್ಕೆ ಕಾರಣವಿದೆ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ತಿಳಿಸುವುದು ಫಿನಾಲ್ಫ್ತಲೀನ್ ಪರೀಕ್ಷೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಈ ದ್ರಾವಣ ಸಿಂಪಡಿಸಿದಾಗ ಆರೋಗ್ಯವಾಗಿರುವ ಭಾಗ ಗಾಢ ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಕ್ಷಾರಗುಣ ಕಳೆದುಕೊಂಡ ಭಾಗ ಬಣ್ಣ ತಾಳುವುದೇ ಇಲ್ಲ. ಆ ಬಣ್ಣಗೆಟ್ಟ ಪದರ ಸಲಾಕೆಯವರೆಗೂ ತಲುಪಿದ್ದರೆ ಕಬ್ಬಿಣಕ್ಕಿದ್ದ ರಕ್ಷಣೆ ಹೋಯಿತು, ಮೇಲೆ ಯಾವ ಲೇಪನ ಹೊಡೆದರೂ ಅದು ತಾತ್ಕಾಲಿಕ. ಸಲಾಕೆಯ ಮೇಲಿರಬೇಕಾದ ಕಾಂಕ್ರೀಟಿನ ಹೊದಿಕೆ ಐಎಸ್ 456ರಂತೆ ಒಳನಾಡಿನ ಸೌಮ್ಯ ವಾತಾವರಣದಲ್ಲಿ 20 ಮಿಲಿಮೀಟರ್, ಸಮುದ್ರದ ಗಾಳಿಗೆ ನೇರವಾಗಿ ಒಡ್ಡಿಕೊಂಡ ಕಡೆ 45. ಉಡುಪಿ, ಕಾರವಾರದ ಕಡಲಂಚಿನ ಮನೆಗಳ ಸಜ್ಜಾಗಳು ಬೇಗ ಉದುರುವುದಕ್ಕೆ ಈ ಹೊದಿಕೆಯ ಕೊರತೆ ಮುಖ್ಯ ಕಾರಣ.

ಥರ್ಮಲ್ ಕ್ಯಾಮೆರಾದ ಬಣ್ಣಬಣ್ಣದ ಚಿತ್ರಗಳು ನೋಡಲು ಆಕರ್ಷಕ. ಅವು ತೋರಿಸುವುದು ಮೇಲ್ಮೈಯ ಉಷ್ಣತೆಯನ್ನು ಮಾತ್ರ, ನೀರನ್ನಲ್ಲ. ಒದ್ದೆ ಜಾಗ ಆವಿಯಾಗುತ್ತಾ ತಂಪಾಗಿರುವುದರಿಂದ ಅದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಆದರೆ ಫ್ಯಾನಿನ ಗಾಳಿ ತಾಗುವ ಜಾಗವೂ ಹಾಗೆಯೇ ಕಾಣಬಹುದು. ಕ್ಯಾಮೆರಾ ತೋರಿಸಿದ ಕಡೆ ತೇವಮಾಪಕ ಒತ್ತಿ ಖಚಿತಪಡಿಸಿದರೆ ಮಾತ್ರ ಅದಕ್ಕೆ ಬೆಲೆ.

ನೀರು ನಿಲ್ಲಿಸುವ ಪರೀಕ್ಷೆ

ಪೈಪುಗಳ ಬಾಯಿ ಮುಚ್ಚಿ, ಒಂದರಿಂದ ಎರಡಿಂಚು ನೀರು ಕಟ್ಟಿ, 24ರಿಂದ 48 ಗಂಟೆ ಬಿಟ್ಟು ಕೆಳಗಿನಿಂದ ನೋಡುವ ಈ ಪರೀಕ್ಷೆ ಸೋರಿಕೆಯನ್ನು ಖಚಿತಪಡಿಸುತ್ತದೆ. ಇಡೀ ತಾರಸಿಗೆ ಒಮ್ಮೆಲೇ ನೀರು ಕಟ್ಟಿದರೆ ಸೋರುತ್ತದೆ ಎಂದು ತಿಳಿಯುತ್ತದೆಯೇ ಹೊರತು ಎಲ್ಲಿಂದ ಎಂದು ತಿಳಿಯುವುದಿಲ್ಲ. ಆದ್ದರಿಂದ ಗಾರೆಯ ಸಣ್ಣ ಬದು ಹಾಕಿ ಒಂದೊಂದೇ ಭಾಗಕ್ಕೆ, ತಗ್ಗಿನಿಂದ ಆರಂಭಿಸಿ ಎತ್ತರದ ಕಡೆಗೆ, ನೀರು ಕಟ್ಟಿಸಬೇಕು. ಎರಡಿಂಚು ನೀರೆಂದರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ. ಓಡಾಡುವ ತಾರಸಿಯನ್ನು ಸುಮಾರು 150 ಕಿಲೋ ಹೊರುವಂತೆ ವಿನ್ಯಾಸ ಮಾಡಿರುತ್ತಾರಾದ್ದರಿಂದ ಗಟ್ಟಿಮುಟ್ಟಾದ ಸ್ಲ್ಯಾಬಿಗೆ ಇದು ಹೊರೆಯಲ್ಲ. ಆದರೆ ಕಬ್ಬಿಣ ತುಕ್ಕು ಹಿಡಿದು ಉದುರುತ್ತಿರುವ ಅಥವಾ ಜಗ್ಗಿದ ಸ್ಲ್ಯಾಬಿನ ಮೇಲೆ ಯಾರಾದರೂ ಈ ಪರೀಕ್ಷೆ ಮಾಡಹೊರಟರೆ ನೇರವಾಗಿ ತಡೆಯಿರಿ.

ಹೆಂಚಿನ ಮಾಡು

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿ, ಮಲೆನಾಡು ಮಾತ್ರವಲ್ಲ, ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳೂ ಕೆಂಪು ಹೆಂಚನ್ನು ಹೊದ್ದವು. ಇಂಥ ಮಾಡಿನ ತಪಾಸಣೆಯ ಕ್ರಮವೇ ಬೇರೆ, ಮತ್ತು ಇಲ್ಲಿ ಎಂಜಿನಿಯರಿನ ಜೊತೆಗೆ ಒಬ್ಬ ಹಳೆಯ ಬಡಗಿಯೂ ಇದ್ದರೆ ಒಳ್ಳೆಯದು. ಕೆಲಸ ಅಟ್ಟದಿಂದ ಆರಂಭವಾಗುತ್ತದೆ. ಹಗಲಿನಲ್ಲಿ ದೀಪ ಆರಿಸಿ ಕತ್ತಲಲ್ಲಿ ನಿಂತು ಮೇಲೆ ನೋಡಿದರೆ ಹೆಂಚು ಸರಿದ ಕಡೆಯೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ. ಆಮೇಲೆ ಟಾರ್ಚು ಹಿಡಿದು ಮಾಡನ್ನು ಹೊತ್ತ ಇಳಿಜಾರು ಮರಗಳಾದ ಪಕ್ಕಾಸುಗಳನ್ನು, ಹೆಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನು ಒಂದೊಂದಾಗಿ ನೋಡಿ, ಚೂಪಾದ ಉಳಿಯಿಂದ ಚುಚ್ಚುತ್ತಾರೆ. ಉಳಿ ಸಲೀಸಾಗಿ ಇಳಿದರೆ ಒಳಗೆ ಒರಲೆ ತಿಂದಿದೆ ಅಥವಾ ಮರ ಕೊಳೆತಿದೆ. ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿ ಮತ್ತು ಸೂರಿನ ಅಂಚು ಇವೆರಡೇ ಹೆಚ್ಚಾಗಿ ಮೊದಲು ಹಾಳಾಗುವ ಜಾಗಗಳು. ತೇವಮಾಪಕದಲ್ಲಿ ಶೇಕಡಾ 20ಕ್ಕಿಂತ ಕಡಿಮೆ ತೇವ ತೋರಿದ ಮರದಲ್ಲಿ ಕೊಳೆಯುವ ಶಿಲೀಂಧ್ರ ಬೆಳೆಯುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ನೀರಿನ ಮೂಲ ಹುಡುಕಬೇಕು.

ಹೊರಗಿನಿಂದ, ಮಾಡಿನ ನೆತ್ತಿಯ ಗೆರೆ ನೇರವಾಗಿದೆಯೇ ಎಂದು ಅಂಗಳದಲ್ಲಿ ದೂರ ನಿಂತು ನೋಡುತ್ತಾರೆ. ನಡುವೆ ಬಾಗಿದ್ದರೆ ದೋಷ ಹೆಂಚಿನದ್ದಲ್ಲ, ಮರದ್ದು. ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 140 ಹೆಂಚು, ತಲಾ ಎರಡೂವರೆ ಕಿಲೋದಷ್ಟು ಭಾರ. ಮಳೆಯಲ್ಲಿ ನೀರು ಕುಡಿದಾಗ ಇನ್ನೂ ಹೆಚ್ಚು. ನೆತ್ತಿಯ ಹೆಂಚುಗಳನ್ನು ಕೂಡಿಸಿದ ಗಾರೆ ಬಿರುಕು ಬಿಟ್ಟಿರುವುದು, ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ಹಾಸಿದ ತಗಡು ತುಕ್ಕು ಹಿಡಿದಿರುವುದು, ಆ ಕಣಿವೆಯಲ್ಲಿ ತರಗೆಲೆ ತುಂಬಿರುವುದು ಇವೇ ಹೆಚ್ಚಿನ ಸೋರಿಕೆಗಳ ಮೂಲ. ಹಾವಸೆ ಕಟ್ಟಿದ ಹೆಂಚನ್ನು ಪ್ರೆಷರ್ ಪಂಪಿನಿಂದ ತೊಳೆಸುವ ಹೊಸ ರೂಢಿಯನ್ನು ನಾನು ಒಪ್ಪುವುದಿಲ್ಲ. ನೀರು ಹೆಂಚಿನಡಿಗೆ ನುಗ್ಗುತ್ತದೆ, ಹಳೆಯ ಹೆಂಚಿನ ಮೇಲ್ಪದರವೂ ಕಿತ್ತುಬರುತ್ತದೆ. ಇನ್ನು ಮಂಗಗಳ ವಿಷಯ. ಮಲೆನಾಡಿನಲ್ಲಿ ಹೆಂಚು ಒಡೆಯುವುದರಲ್ಲಿ ಅವುಗಳ ಪಾಲು ದೊಡ್ಡದು. ಇದನ್ನು ಯಾವ ಉಪಕರಣವೂ ಹೇಳುವುದಿಲ್ಲ, ನೀವೇ ಹೇಳಬೇಕು.

ಹತ್ತುವವರು ರೀಪಿನ ಮೇಲೆ ಬರುವ ಹೆಂಚಿನ ತುದಿಯಲ್ಲೇ ಕಾಲಿಡಬೇಕು ಅಥವಾ ಅಡ್ಡ ಏಣಿ ಹಾಸಿಕೊಳ್ಳಬೇಕು. ಒರಗಿಸಿದ ಏಣಿಯ ಬುಡ, ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಗೋಡೆಯಿಂದ ದೂರವಿರಬೇಕು. ಸಿಮೆಂಟು ಶೀಟಿನ ಚಾವಣಿಯಾದರೆ ಬೋಲ್ಟುಗಳ ಸಾಲು ಬಿಟ್ಟು ಬೇರೆಡೆ ಕಾಲಿಡಲೇಬಾರದು. ಹಳೆಯ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಒಣಗಿದ್ದಾಗ ಕೊರೆಯುವುದು, ಮುರಿಯುವುದು ಬೇಡ. ಮದ್ರಾಸ್ ತಾರಸಿ (ಮರದ ಜಂತಿಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಸಿದ ಹಳೆಯ ಬಗೆಯ ತಾರಸಿ) ಅಥವಾ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯಿದ್ದರೆ ತಪಾಸಣೆಯ ಜೀವಾಳ ಜಂತಿಗಳ ತುದಿಯಲ್ಲಿದೆ. ಅಂಥ ಗಾರೆಗಚ್ಚಿನ, ಮಣ್ಣಿನ ಮೇಲೆ ಸಿಮೆಂಟು ಹಾಸಿದರೆ ತೇವ ಉಸಿರಾಡಲಾಗದೆ ಮರಕ್ಕೆ ಇಳಿಯುತ್ತದೆ ಎಂಬುದನ್ನು ಬಲ್ಲವರನ್ನೇ ಕರೆಯಿರಿ.

ವರದಿ ಹೇಗಿರಬೇಕು

ಸಾಮಾನ್ಯ ಮೂವತ್ತು–ನಲವತ್ತರ ನಿವೇಶನದ ಮನೆಗೆ ಉಪಕರಣಗಳಿಲ್ಲದ ತಪಾಸಣೆ ಎರಡು ಮೂರು ಗಂಟೆ ಹಿಡಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಅದು ತಪಾಸಣೆಯಲ್ಲ, ಭೇಟಿ. ಬಾಯಿಮಾತಿನ ತೀರ್ಮಾನವನ್ನು ಒಪ್ಪಬೇಡಿ. ಲಿಖಿತ ವರದಿ ಕೊಡಬೇಕೆಂದು ಶುಲ್ಕ ಗೊತ್ತುಮಾಡುವಾಗಲೇ ಹೇಳಿ. ಅದರಲ್ಲಿ ತಾರಸಿಯ ರೇಖಾಚಿತ್ರ, ಅದರ ಮೇಲೆ ಸಂಖ್ಯೆ ಹಾಕಿ ಗುರುತಿಸಿದ ದೋಷಗಳು, ಪ್ರತಿಯೊಂದು ಸಂಖ್ಯೆಗೂ ಹೊಂದುವ ಫೋಟೋ ಮತ್ತು ಅಳತೆ ಇರಬೇಕು. ದೋಷದ ಮುಂದೆ ಅದರ ಕಾರಣ, ಆ ಕಾರಣ ಹೇಗೆ ಗೊತ್ತಾಯಿತು ಎಂಬ ಆಧಾರ, ತಕ್ಷಣ ಸರಿಪಡಿಸಬೇಕೋ ಮಳೆಗಾಲದೊಳಗೋ ಅಥವಾ ನಿಗಾ ಇಟ್ಟರೆ ಸಾಕೋ ಎಂಬ ವಿಂಗಡಣೆ ಇರಬೇಕು. ನೋಡಲಾಗದ ಭಾಗಗಳನ್ನು, ಉದಾಹರಣೆಗೆ ಜಿಪ್ಸಂ ಸೀಲಿಂಗ್‌ನ ಮೇಲಿನದ್ದನ್ನು, ನೋಡಿಲ್ಲವೆಂದು ಸ್ಪಷ್ಟವಾಗಿ ಬರೆದಿರುವ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ. ದುರಸ್ತಿಯ ವಿಧಾನ ಹೇಳಬೇಕು, ಕಂಪನಿಯ ಹೆಸರನ್ನಲ್ಲ. ಒಂದೇ ಬ್ರ್ಯಾಂಡಿನ ಹೆಸರು ಪುಟಪುಟದಲ್ಲೂ ಬಂದರೆ ಏಕೆಂದು ಕೇಳುವುದು ನಿಮ್ಮ ಹಕ್ಕು.

ಈ ವರದಿಯ ಪ್ರತಿಯನ್ನು ಕನಿಷ್ಠ ಇಬ್ಬರು ಗುತ್ತಿಗೆದಾರರಿಗೆ ಕೊಟ್ಟು, ಸಂಖ್ಯೆವಾರು ದರ ಬರೆಸಿಕೊಳ್ಳಿ. ಕೆಲಸ ಮುಗಿದು ಗಾರೆ ಹದವಾದ ಮೇಲೆ, ಕೊನೆಯ ಕಂತು ಕೊಡುವ ಮುನ್ನ, ಅದೇ ಎಂಜಿನಿಯರನ್ನು ಮತ್ತೊಮ್ಮೆ ಕರೆಸಿ ಅದೇ ಭಾಗಗಳಿಗೆ ನೀರು ಕಟ್ಟಿಸಿ ನೋಡಬೇಕು. ಈ ಎರಡನೆಯ ಭೇಟಿಯ ಶುಲ್ಕವನ್ನೂ ಮೊದಲ ದಿನವೇ ಮಾತಾಡಿಕೊಂಡಿದ್ದರೆ ಯಾರಿಗೂ ಇರಿಸುಮುರಿಸಾಗುವುದಿಲ್ಲ.